ಮೈಗ್ರೇನ್ ತಡೆಯೋ ಮಾತ್ರೆ: ನಾಲ್ಕೈದರಲ್ಲಿ ನಿಮಗೆ ಒಗ್ಗೋದನ್ನ ಆರಿಸೋದು ಹೇಗೆ?

ಮೈಗ್ರೇನ್ ಬಂದಾಗ ನುಂಗೋ ಮಾತ್ರೆ ಬೇರೆ, ಬರದೇ ಇರ್ಲಿ ಅಂತ ದಿನಾ ತಗೊಳ್ಳೋ ಮಾತ್ರೆನೇ ಬೇರೆ, ಇದನ್ನ ಎಷ್ಟೋ ಜನಕ್ಕೆ ಯಾರೂ ಬಿಡಿಸಿ ಹೇಳಿರಲ್ಲ. ಕರ್ನಾಟಕದಲ್ಲೇ ಮನೆಮನೆಗೆ ಹೋಗಿ ಮಾಡಿದ ಒಂದು ಸಮೀಕ್ಷೆ 2015ರಲ್ಲಿ ಪ್ರಕಟ ಆಯ್ತು, ಅದರ ಪ್ರಕಾರ ವಯಸ್ಕರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇದೆ, ಅದ್ರಲ್ಲೂ ಹೆಂಗಸರಿಗೇ ಜಾಸ್ತಿ. ಇಷ್ಟು ಜನ ಬರೀ ಪೇನ್‌ಕಿಲ್ಲರ್ ನುಂಗ್ಕೊಂಡು ದಿನ ತಳ್ಳೋದು ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ.

ಮೊದಲನೇ ಕೆಲಸ ಲೆಕ್ಕ ಇಡೋದು. ಗೋಡೆ ಕ್ಯಾಲೆಂಡರ್‌ನಲ್ಲೇ ತಲೆ ನೋವು ಬಂದ ದಿನಕ್ಕೊಂದು ಗುರುತು, ಮಾತ್ರೆ ತಗೊಂಡ ದಿನಕ್ಕೆ ಇನ್ನೊಂದು ಗುರುತು ಹಾಕಿ. ತಿಂಗಳಿಗೆ 4 ದಿನ ಅಥವಾ ಅದಕ್ಕಿಂತ ಜಾಸ್ತಿ ನೋವಿದ್ರೆ ತಡೆಯೋ ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಮಾತಾಡೋ ಟೈಮ್ ಬಂದಿದೆ ಅಂತ ಅರ್ಥ. ಸಾದಾ ಪ್ಯಾರಾಸಿಟಮಾಲ್ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ನುಂಗೋ ಒಂದು ಬಗೆ ಮಾತ್ರೆ) ಅಥವಾ ಎರಡು ಮೂರು ಔಷಧಿ ಬೆರೆಸಿದ ನೋವಿನ ಮಾತ್ರೆ 10 ದಿನ ದಾಟಿದ್ರೆ ಆ ಮಾತ್ರೆಯಿಂದಾನೇ ತಲೆನೋವು ಹೆಚ್ಚಾಗೋಕೆ ಶುರುವಾಗತ್ತೆ, ಹಾಗಾಗಿ ಎರಡೂ ಲೆಕ್ಕ ಬೇಕು. (ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕತ್ತು ಬಿಗಿಯೋದು, ಕೈಕಾಲು ಸೋತು ಬೀಳೋದು, ಇವಕ್ಕೆಲ್ಲ ಕ್ಯಾಲೆಂಡರ್ ನೋಡ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.)

ಎರಡನೇದು, ಯಾವ ಮಾತ್ರೆ ಸ್ಟ್ರಾಂಗ್ ಅಂತ ಕೇಳೋದು ಬಿಟ್ಟು ನಿಮ್ಮ ಮೈಯಲ್ಲಿ ಇನ್ನೇನೇನು ತೊಂದ್ರೆ ಇದೆ ಅಂತ ಒಂದು ಪಟ್ಟಿ ಮಾಡ್ಕೊಳ್ಳಿ, ನನ್ನ ಪ್ರಕಾರ ಆಯ್ಕೆ ಆಗೋದೇ ಇಲ್ಲಿ. ಈ ಮಾತ್ರೆಗಳಲ್ಲಿ ಹೆಚ್ಚಿನವು ಬೇರೆ ಕಾಯಿಲೆಗೆ ಬಂದವು, ಪ್ರೊಪ್ರನಲಾಲ್ ಅನ್ನ 1960ರ ದಶಕದಲ್ಲಿ ಎದೆನೋವಿಗೆ ಕೊಡ್ತಿದ್ದಾಗ ಮೈಗ್ರೇನೂ ಕಮ್ಮಿ ಆಗಿದ್ದು ಗೊತ್ತಾಯ್ತು. ಬಿಪಿ ಇರೋರಿಗೆ, ಗಾಬರಿಗೆ ಕೈ ನಡುಗೋರಿಗೆ ಅದು ಚೆನ್ನಾಗಿ ಹೊಂದತ್ತೆ, ಆದ್ರೆ ಅಸ್ತಮಾ ಇದ್ರೆ ಬೇಡವೇ ಬೇಡ. ನಿದ್ದೆ ಬರಲ್ಲ ಅನ್ನೋರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ಒಳ್ಳೇದು, ಬಾಯಿ ಒಣಗತ್ತೆ, ಮಲಬದ್ಧತೆ ಆಗಬಹುದು, ತೂಕ ಏರಬಹುದು. ಗೂಗಲ್‌ನಲ್ಲಿ ನೋಡಿ ಇದು ಡಿಪ್ರೆಶನ್ ಮಾತ್ರೆ ಅಂತ ಹೆದರಿ ಬಿಸಾಕೋರು ತುಂಬಾ ಜನ, ಮೈಗ್ರೇನ್‌ಗೆ ಶುರು ಮಾಡೋದು 10 ಎಂಜಿಯಂಥ ಸಣ್ಣ ಡೋಸ್‌ನಲ್ಲಿ, ಡಿಪ್ರೆಶನ್‌ಗೆ ಕೊಡೋದು ಅದರ ಎಷ್ಟೋ ಪಟ್ಟು.

ತೂಕ ಜಾಸ್ತಿ ಇರೋರಿಗೆ ಟೊಪಿರಮೇಟ್ ಅನುಕೂಲ, ಹಸಿವು ಕಮ್ಮಿ ಮಾಡತ್ತೆ. ಬೆರಳ ತುದಿ ಜುಮ್ಮೆನ್ನತ್ತೆ, ಸೋಡಾ ಕುಡಿದ್ರೆ ಸಪ್ಪೆ ಅನ್ಸತ್ತೆ, ಮಾತಾಡ್ತಾ ಇದ್ದ ಹಾಗೆ ಪದ ಸಿಗದೆ ತಡವರಿಸೋ ಹಾಗಾಗತ್ತೆ, ಕಿಡ್ನಿ ಸ್ಟೋನ್ ಆಗಿದ್ದೋರು ಮೊದ್ಲೇ ಹೇಳ್ಬೇಕು. ಮಗು ಆಗೋ ವಯಸ್ಸಿನ ಹೆಣ್ಮಕ್ಕಳು ಟೊಪಿರಮೇಟ್, ಮೈಗ್ರೇನ್ ತಡೆಯೋಕೆ ಕೊಡೋ ಇನ್ನೊಂದು ಮಾತ್ರೆ ವಾಲ್‌ಪ್ರೊಯೇಟ್, ಎರಡರ ಬಗ್ಗೆನೂ ಬಾಯ್ಬಿಟ್ಟು ಕೇಳಲೇಬೇಕು, ಎರಡೂ ಗರ್ಭದಲ್ಲಿರೋ ಮಗುಗೆ ಹಾನಿ ಮಾಡತ್ವೆ, ಡಾಕ್ಟರ್ ಬಿಸಿ ಇದ್ದಾರೆ ಅಂತ ಸುಮ್ನಾಗ್ಬೇಡಿ.

ಫ್ಲುನಾರಿಜಿನ್ ನಮ್ಮಲ್ಲಿ ತುಂಬಾ ಬರೀತಾರೆ. ನಿದ್ದೆ ಎಳೆಯತ್ತೆ, ತೂಕ ಏರತ್ತೆ, ಹಿಂದೆ ಖಿನ್ನತೆ ಇದ್ದೋರಿಗೆ ಅದು ಮರುಕಳಿಸಬಹುದು, ವಯಸ್ಸಾದೋರಿಗೆ ಪಾರ್ಕಿನ್ಸನ್ ಥರ ಕೈ ನಡುಗೋದು, ನಡಿಗೆ ನಿಧಾನ ಆಗೋದು ಇದೆ.

ಇನ್ನು ಅಂಗಡಿಯಿಂದ ತಂದ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಫ್ಲುನಾರಿಜಿನ್ 10 ಎಂಜಿ ಜೊತೆ ಪ್ರೊಪ್ರನಲಾಲ್ 40 ಎಂಜಿ ಒಂದೇ ಮಾತ್ರೆಯಲ್ಲಿ ಬೆರೆಸಿರೋದು ಇಲ್ಲಿ ಮಾಮೂಲು, ಮುಂದೆ ದೊಡ್ಡದಾಗಿ ಬ್ರ್ಯಾಂಡ್ ಹೆಸರಷ್ಟೇ ಕಾಣತ್ತೆ. ಅಸ್ತಮಾ ಇರೋರು ಗೊತ್ತಿಲ್ದೆ ನುಂಗೋದು ಹೀಗೇ. ನೋವು ಬಂದಾಗ ರಿಜಾಟ್ರಿಪ್ಟಾನ್ (ಇದೂ ಒಂದು ಟ್ರಿಪ್ಟಾನ್) ತಗೊಳ್ಳೋರಾದ್ರೆ ಅದನ್ನೂ ಡಾಕ್ಟರ್‌ಗೆ ಹೇಳಿ, ಪ್ರೊಪ್ರನಲಾಲ್ ಜೊತೆಗಿದ್ರೆ ರಿಜಾಟ್ರಿಪ್ಟಾನ್ ಡೋಸ್ ಇಳಿಸ್ಬೇಕು.

ಆಮೇಲೆ ತಾಳ್ಮೆ. ಒಂದು ವಾರಕ್ಕೇ ಕೆಲಸ ಮಾಡ್ಲಿಲ್ಲ ಅಂತ ಬದಲಾಯಿಸ್ಬೇಡಿ, ಡೋಸ್ ನಿಧಾನಕ್ಕೆ ಏರಿಸಿ ಸರಿಯಾದ ಮಟ್ಟದಲ್ಲಿ 2-3 ತಿಂಗಳು ನೋಡ್ಬೇಕು. ಕ್ಯಾಲೆಂಡರ್‌ನಲ್ಲಿ ನೋವಿನ ಗುರುತು ಅರ್ಧಕ್ಕೆ ಇಳಿದ್ರೆ ಮಾತ್ರೆ ಗೆದ್ದಿದೆ, ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸಿ ಆಮೇಲೆ ಡಾಕ್ಟರ್ ಕೇಳ್ಕೊಂಡು ಸ್ವಲ್ಪಸ್ವಲ್ಪವೇ ಇಳಿಸ್ತಾರೆ. ಅದ್ರಲ್ಲೂ ಪ್ರೊಪ್ರನಲಾಲ್ ಅನ್ನ ಒಂದೇ ದಿನಕ್ಕೆ ನಿಲ್ಲಿಸ್ಬೇಡಿ, ಎದೆಬಡಿತ, ಬಿಪಿ ಏಕಾಏಕಿ ಏರಬಹುದು, ಊರಿಗೆ ಹೋಗೋವಾಗ ಸ್ಟ್ರಿಪ್ ಬ್ಯಾಗಲ್ಲಿದೆಯಾ ಅಂತ ನೋಡ್ಕೊಂಡೇ ಹೊರಡಿ.