ಹ್ಯೂಸ್ಟನ್‌ನ ಕೆಂಪು ಗೋಪುರವನ್ನು ರಟ್ಟಿನಲ್ಲಿ ಕಟ್ಟಿದೆ: ನನ್ನ ಅನುಭವ

ಅಮೆರಿಕದ ಹ್ಯೂಸ್ಟನ್ ಡೌನ್‌ಟೌನ್‌ನ ಲೂಯಿಸಿಯಾನ ಸ್ಟ್ರೀಟ್‌ನಲ್ಲಿ ಕೆಂಪು ಗ್ರಾನೈಟಿನ ಒಂದು ಆಫೀಸ್ ಕಟ್ಟಡ ಇದೆ. 56 ಅಂತಸ್ತು, ಸುಮಾರು 238 ಮೀಟರ್ ಎತ್ತರ. 1983ರಲ್ಲಿ ಕಟ್ಟಿ ಮುಗಿಸಿದಾಗ ಅದು ರಿಪಬ್ಲಿಕ್‌ಬ್ಯಾಂಕ್ ಸೆಂಟರ್. ಬ್ಯಾಂಕುಗಳು ಬದಲಾದ ಹಾಗೆ ಹೆಸರೂ ಬದಲಾಯಿತು. ಬಹಳ ಜನಕ್ಕೆ ಅದು ಬ್ಯಾಂಕ್ ಆಫ್ ಅಮೆರಿಕ ಸೆಂಟರ್ ಅಂತಲೇ ಗೊತ್ತು. ಈಗಿನ ಹೆಸರು ಟಿಸಿ ಎನರ್ಜಿ ಸೆಂಟರ್. ವಿನ್ಯಾಸ ಮಾಡಿದವರು ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗಿ.

ನಾನು ಇದೇ ಊರಿನಲ್ಲಿ ಆರ್ಕಿಟೆಕ್ಟ್. ದಿನಾ ಕಂಪ್ಯೂಟರಿನಲ್ಲೇ ಗೆರೆ ಎಳೆಯುವ ಕೆಲಸ. ಕಳೆದ ಚಳಿಗಾಲದಲ್ಲಿ ಊಟದ ಮೇಜಿನ ಮೇಲೆ ಈ ಕಟ್ಟಡದ ಮಾದರಿ ಮಾಡಲು ಕೂತೆ. ಒಂದು ಕಟ್ಟಡವನ್ನು ಕೈಯಿಂದ ಕಟ್ಟಿ ನೋಡದೆ ಅದು ಪೂರ್ತಿ ಅರ್ಥವಾಗುವುದಿಲ್ಲ ಅಂತ ನಾನು ನಂಬುತ್ತೇನೆ.

ಅಳತೆ 1:500 ಇಟ್ಟುಕೊಂಡೆ. ಗೋಪುರ ಸುಮಾರು 47.5 ಸೆಂಟಿಮೀಟರ್ ಬಂತು. ಹ್ಯೂಸ್ಟನ್ ಡೌನ್‌ಟೌನ್‌ನ ಬ್ಲಾಕ್, ಅಂದರೆ ನಾಲ್ಕು ರಸ್ತೆಗಳ ನಡುವಿನ ಜಾಗ, 250 ಅಡಿ ಚೌಕ. ಹಾಗಾಗಿ ತಳದ ಹಲಗೆಯಲ್ಲಿ ಬ್ಲಾಕಿಗೆ 15 ಸೆಂಟಿಮೀಟರ್ ಸಾಕಾಯಿತು. ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟು, ಕಟ್ಟರ್, ಸ್ಟೀಲ್ ಸ್ಕೇಲ್, ಗೋಂದು, ಒಂದು ಗುಂಡುಸೂಜಿ. ಶುರುವಿಗೆ ಬೇಕಾಗಿದ್ದು ಇಷ್ಟೇ.

ಮೊದಲ ವಾರವೇ ತಪ್ಪಿದೆ. ಗೋಪುರವನ್ನು ಬ್ಲಾಕಿನ ನಟ್ಟನಡುವೆ ಅಂಟಿಸಿದೆ. ಎತ್ತರದ ಕಟ್ಟಡ ಅಂದರೆ ನಡುವೆ ಇರಬೇಕು ಅಂತ ಕೈ ತಾನೇ ಹಾಗೆ ಹೋಯಿತು. ಆಮೇಲೆ ನೋಡಿದರೆ ಪಕ್ಕದಲ್ಲಿ ಗಿರಾಕಿಗಳ ವ್ಯವಹಾರಕ್ಕೆ ಕಟ್ಟಿದ ಬ್ಯಾಂಕಿಂಗ್ ಹಾಲ್‌ಗೆ ಜಾಗವೇ ಇಲ್ಲ! ಶನಿವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಹೋಗಿ ಬ್ಲಾಕನ್ನು ಎರಡು ಸುತ್ತು ಹಾಕಿದೆ. ಹಾಲ್ ಗೋಪುರದ ಹೊಟ್ಟೆಯೊಳಗೆ ಇಲ್ಲ. ಪಕ್ಕದಲ್ಲಿ ತನ್ನದೇ ಮಾಡು ಹೊತ್ತು, ತಗ್ಗಾಗಿ, ಬೇರೆಯಾಗಿ ನಿಂತಿದೆ.

ಇದಕ್ಕೆ ಕಾರಣ ಇದೆ. ಆ ಬ್ಲಾಕಿನಲ್ಲಿ ಮೊದಲೇ ವೆಸ್ಟರ್ನ್ ಯೂನಿಯನ್ ಅನ್ನುವ ಟೆಲಿಗ್ರಾಫ್ ಕಂಪನಿಯ ಹಳೇ ಕಟ್ಟಡ ಇತ್ತು. ಅದರೊಳಗೆ ಬಂದು ಸೇರುವ ಸಂಪರ್ಕ ಕೇಬಲ್‌ಗಳನ್ನು ಬೇರೆ ಕಡೆ ಸಾಗಿಸಲು ವಿಪರೀತ ಖರ್ಚು. ಕೆಡವುವ ಹಾಗಿಲ್ಲ, ಅದರ ಮೇಲೆ ಗೋಪುರ ನಿಲ್ಲಿಸುವ ಹಾಗೂ ಇಲ್ಲ. ಆಗ ಜಾನ್ಸನ್ ಮತ್ತು ಬರ್ಗಿ ಹಳೇ ಕಟ್ಟಡವನ್ನು ಇದ್ದ ಹಾಗೇ ಬಿಟ್ಟು, ಅದು ಹೊರಗೆ ಕಾಣದಂತೆ ಸುತ್ತ ಬ್ಯಾಂಕಿಂಗ್ ಹಾಲ್ ಕಟ್ಟಿದರು. ಗೋಪುರ ಪಕ್ಕಕ್ಕೆ ಸರಿಯಿತು. ರಸ್ತೆಯಲ್ಲಿ ನಿಂತವರಿಗೆ ಇದೊಂದು ಅಡಚಣೆ ಅಂತ ಅನಿಸುವುದೇ ಇಲ್ಲ. ದೊಡ್ಡ ಮನೆಯ ಪಕ್ಕ ಚಿಕ್ಕ ಮನೆ ಇದ್ದ ಹಾಗೆ ಸಹಜವಾಗಿ ಕಾಣುತ್ತದೆ. ನನಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ.

ನಾನು ಅಂಟಿಸಿದ್ದನ್ನು ಕಿತ್ತೆ. ಹಾಲ್ ಒಳಗೆ ಬೂದು ರಟ್ಟಿನ ಒಂದು ಪುಟ್ಟ ಡಬ್ಬಿಯನ್ನೂ ಇಟ್ಟೆ. ಮಾಡು ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಇರಲಿ, ಅಲ್ಲಿ ಅದು ಇರಬೇಕಿತ್ತು.

ಇನ್ನು ಗೋಪುರ. ಅದು ಒಂದೇ ಕಂಬ ಅಲ್ಲ, ಒಂದಕ್ಕಿಂತ ಒಂದು ಎತ್ತರವಾದ ಮೂರು ಭಾಗ. ಮೊದಲನೆಯದು 21 ಅಂತಸ್ತಿಗೆ ನಿಲ್ಲುತ್ತದೆ. ಕೊನೆಯದು 56ರವರೆಗೆ ಹೋಗುತ್ತದೆ. ಪ್ರತಿಯೊಂದರ ತಲೆಯ ಮೇಲೂ ಕಡಿದಾದ ಮಾಡು, ಅದರ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ತ್ರಿಕೋನದ ಗೋಡೆ, ತುದಿಗಳಲ್ಲಿ ಚೂಪು ಮೊನೆ. ಹಾಲೆಂಡಿನಲ್ಲಿ ಕಾಲುವೆ ಪಕ್ಕದ ಹಳೇ ಮನೆಗಳ ಮುಖ ಹೀಗೇ ಇರುತ್ತದೆ. ನನ್ನ ಹೆಂಡತಿ ನೋಡಿ, "ಇದೇನ್ರೀ, ಎರಡೂ ಕಡೆಯಿಂದ ದಸರಾ ಗೊಂಬೆ ಮೆಟ್ಟಿಲು ಜೋಡಿಸಿದ ಹಾಗಿದೆ" ಅಂದಳು. ಅವತ್ತಿನಿಂದ ನಮ್ಮನೆಯಲ್ಲಿ ಅದಕ್ಕೆ ಅದೇ ಹೆಸರು.

ಈ ಮೆಟ್ಟಿಲು ಕತ್ತರಿಸುವುದು ಬಹಳ ಕಷ್ಟ. ಕಟ್ಟರ್ ಒಳಮೂಲೆಯನ್ನು ದಾಟಿ ಕೂದಲೆಳೆಯಷ್ಟು ಮುಂದೆ ಹೋದರೂ ಗಾಯ ಎದ್ದು ಕಾಣುತ್ತದೆ. ನಾಲ್ಕು ಹಾಳೆ ಹಾಳು ಮಾಡಿಕೊಂಡ ಮೇಲೆ ದಾರಿ ಸಿಕ್ಕಿತು. ಮೊದಲು ಪ್ರತಿ ಒಳಮೂಲೆಯಲ್ಲೂ ಗುಂಡುಸೂಜಿಯಿಂದ ಚುಚ್ಚಬೇಕು. ಆಮೇಲೆ ಅಡ್ಡಗೆರೆಗಳನ್ನೆಲ್ಲ ಒಂದೇ ಸಲ ಕತ್ತರಿಸಬೇಕು, ರಟ್ಟು ತಿರುಗಿಸಿ ಉದ್ದಗೆರೆಗಳನ್ನು ಕತ್ತರಿಸಬೇಕು. ಬ್ಲೇಡ್ ಆ ತೂತಿಗೆ ಬಂದಾಗ ಕೈಗೆ ಸಣ್ಣಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಹತ್ತು ಮೆಟ್ಟಿಲಿಗೊಮ್ಮೆ ಬ್ಲೇಡ್ ಮುರಿದು ಹೊಸ ಮೊನೆ ತೆಗೆಯಿರಿ, ಜಿಪುಣತನ ಬೇಡ.

ಬಣ್ಣದಲ್ಲೂ ಎಡವಿದೆ. ಕೆಂಪು ಪೇಂಟ್ ಹೊಡೆದರೆ ಆಟಿಕೆಯ ಹಾಗಾಯಿತು. ನಿಜವಾದ ಕಲ್ಲು ಸ್ವೀಡನ್‌ನಿಂದ ಬಂದ ಗ್ರಾನೈಟ್. ನಮ್ಮ ಇಳಕಲ್ ಕಲ್ಲು ನೋಡಿದವರಿಗೆ ಆ ಕೆಂಪಿನ ಅಂದಾಜು ಸಿಗುತ್ತದೆ. ಬೆಳಿಗ್ಗೆ ಒಂದು ಥರ, ಮಳೆ ಬಂದಾಗ ಇನ್ನೊಂದು ಥರ. ಕೊನೆಗೆ ಪೇಂಟ್ ಬಿಟ್ಟು, ಕಂದುಗೆಂಪು ಕಾಗದ ಅಂಟಿಸಿ ಪೆನ್ಸಿಲ್ ಪುಡಿ ಉಜ್ಜಿದೆ. ಕಿಟಕಿಗಳನ್ನು ಕತ್ತರಿಸಲಿಲ್ಲ, ಬರೆಯದ ಬಾಲ್‌ಪೆನ್ನಿನಿಂದ ಒತ್ತಿ ತಗ್ಗು ಮಾಡಿದೆ.

ಮಾದರಿ ಮುಗಿದರೂ ಏನೋ ಕೊರತೆ. ಎದುರಿನ ಪೆನ್‌ಜಾಯಿಲ್ ಪ್ಲೇಸ್ ಇಲ್ಲದೆ ಇದು ಒಂಟಿ ಅಂತ ಆಮೇಲೆ ಹೊಳೆಯಿತು. ಅದೂ ಜಾನ್ಸನ್, ಬರ್ಗಿ ಅವರದೇ, 1970ರ ದಶಕದ್ದು. ಕಪ್ಪಾಗಿ ಕಾಣುವ ಗಾಜಿನ 36 ಅಂತಸ್ತಿನ ಎರಡು ಗೋಪುರ, ಓರೆಯಾಗಿ ಕೊಯ್ದ ತಲೆ, ಒಂದಿಷ್ಟೂ ಅಲಂಕಾರ ಇಲ್ಲ. ಅದೇ ಕೈಗಳು ಕೆಲವೇ ವರ್ಷದಲ್ಲಿ ರಸ್ತೆಯ ಈಚೆ ಬಂದು ಕಲ್ಲು, ಕಮಾನು, ಮಾಡು ಅಂತ ಹೊರಟವು ಅಲ್ವಾ? ಬರೀ ಗಾಜಿನ ಪೆಟ್ಟಿಗೆ ಇನ್ನು ಬೇಡ, ಊರಿನವರಿಗೆ ದೂರದಿಂದಲೇ ಗುರುತು ಸಿಗುವ ತಲೆ ಬೇಕು ಅನ್ನುವ ಹಂಬಲ ಪೋಸ್ಟ್‌ಮಾಡರ್ನ್ ಅನ್ನುವ, ಹಳೇ ಕಾಲದ ಆಕಾರಗಳನ್ನು ಮತ್ತೆ ಬಳಸಿದ ಶೈಲಿಯ ಕಟ್ಟಡಗಳಲ್ಲಿ ಇತ್ತು. ಅದು ಎಷ್ಟು ಬೇಗ ಬಂತು ಅಂತ ಈ ಒಂದು ರಸ್ತೆ ದಾಟಿದರೆ ಗೊತ್ತಾಗುತ್ತದೆ.

ಕಪ್ಪು ಕಾರ್ಡ್‌ನಲ್ಲಿ ಅವೆರಡನ್ನೂ ಮಾಡಿದೆ. ಎರಡರ ನಡುವೆ ಇರುವುದು 10 ಅಡಿ ಸಂದು ಮಾತ್ರ, ನನ್ನ ಅಳತೆಯಲ್ಲಿ 6 ಮಿಲಿಮೀಟರ್. ರಾತ್ರಿ ದೀಪ ಆರಿಸಿ ಆ ಸಂದಿನ ಹಿಂದೆ ಟಾರ್ಚ್ ಹಿಡಿದೆ. ಬೆಳಕಿನ ಸಣ್ಣ ಪಟ್ಟಿ ರಸ್ತೆ ದಾಟಿ, ಕೆಂಪು ಗೋಡೆ ಹತ್ತಿ, ಗೊಂಬೆ ಮೆಟ್ಟಿಲುಗಳ ಮೇಲೆ ಮುರಿದು ಮುರಿದು ಬಿತ್ತು.