ನಾನು ನ್ಯಾನಾಗ್ ಅಂತ ನಂಬಿದ್ದ ಬ್ಯಾಂಡು

ಕಿತ್ತ ಬುದ್ಧಿಹಲ್ಲು ಐಸ್ ಡಬ್ಬಿಯಲ್ಲಿ ಬಂತು ಅಂದರೆ ಊಟ ಅರ್ಧಕ್ಕೇ ಬಿಟ್ಟು ಲ್ಯಾಬಿಗೆ ಓಡುತ್ತಿದ್ದೆ. ಕೋಲಾರದಲ್ಲಿ ನನ್ನ ಪಿಎಚ್‌ಡಿ ಕೆಲಸ ಅದೇ. ಹಲ್ಲು ಸೀಳಿ, ಒಳಗಿನ ತಿರುಳು ತೆಗೆದು, ಸಣ್ಣಗೆ ಹೆಚ್ಚಿ, ಎಂಜೈಮಿನಲ್ಲಿ ನೆನೆಸಿ, ಕೋಶಗಳನ್ನು ಬೆಳೆಸುವುದು. ಆ ತಿರುಳಿನಲ್ಲಿ ಸ್ಟೆಮ್ ಸೆಲ್, ಅಂದರೆ ಆಕರಕೋಶಗಳಿವೆ. ಅವುಗಳಲ್ಲಿ ನ್ಯಾನಾಗ್ ಜೀನ್ ಕೆಲಸ ಮಾಡುತ್ತಿದೆಯಾ ಅಂತ ನಾನು ನೋಡಬೇಕಿತ್ತು.

ನ್ಯಾನಾಗ್ ಪತ್ತೆಯಾದದ್ದು 2003ರಲ್ಲಿ, ಎಡಿನ್‌ಬರೋದಲ್ಲಿ ಮತ್ತು ಜಪಾನಿನಲ್ಲಿ ಹೆಚ್ಚೂಕಡಿಮೆ ಒಟ್ಟಿಗೇ. ಮುಪ್ಪೇ ಬಾರದ ನಾಡು ಒಂದಿದೆ ಅನ್ನುವ ಐರಿಷ್ ಕತೆಯಿಂದ ಹೆಸರು ತೆಗೆದುಕೊಂಡರು. ಮನುಷ್ಯರಲ್ಲಿ ಈ ಜೀನ್ ಇರುವುದು 12ನೇ ಕ್ರೋಮೋಸೋಮಿನಲ್ಲಿ. ಅದರ ಪ್ರೋಟೀನಿನಲ್ಲಿ 305 ಅಮೈನೋ ಆಮ್ಲಗಳಿವೆ. ಅದು ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ, ಮಲಗಿಸುತ್ತದೆ. ಎಳೆ ಭ್ರೂಣದ ಕೋಶ ಚರ್ಮವೋ ನರವೋ ಆಗಿಬಿಡದೆ, ತನ್ನಂಥದ್ದನ್ನೇ ಹುಟ್ಟಿಸುತ್ತಾ ಇರಲು ಇದು ಬೇಕು.

ಜೀನ್ ಕೆಲಸ ಮಾಡುತ್ತಿದ್ದರೆ ಕೋಶದಲ್ಲಿ ಅದರ ಆರ್‌ಎನ್‌ಎ ಪ್ರತಿ ಇರುತ್ತದೆ. ಆ ಆರ್‌ಎನ್‌ಎ ತೆಗೆದು, ಅದರಿಂದ ಡಿಎನ್‌ಎ ಪ್ರತಿ ಮಾಡಿ, ಬೇಕಾದ ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸುವ ಪಿಸಿಆರ್‌ಗೆ ಹಾಕಿದೆ. ಡಿಎನ್‌ಎ ತುಣುಕುಗಳನ್ನು ಅಳತೆ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್‌ನಲ್ಲಿ ಬ್ಯಾಂಡು, ಅಂದರೆ ಡಿಎನ್‌ಎ ಗೆರೆ, ಫಳಫಳ! ಫೋಟೋ ತೆಗೆದು ಗೈಡ್ ಮೇಡಂಗೆ ಕಳಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಆರ್‌ಟಿ ಹಾಕದ ಟ್ಯೂಬ್ ಎಲ್ಲಮ್ಮ?"

ಆರ್‌ಟಿ ಅಂದರೆ ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಎಂಜೈಮು. ಅದನ್ನು ಹಾಕದೆ ಬಿಟ್ಟರೆ ಬ್ಯಾಂಡು ಬರಬಾರದು. ನಾನು ಸೋಮಾರಿತನದಿಂದ ಆ ಟ್ಯೂಬೇ ಇಟ್ಟಿರಲಿಲ್ಲ. ಮಾರನೇ ದಿನ ಇಟ್ಟೆ. ಅದರಲ್ಲೂ ಅದೇ ಬ್ಯಾಂಡು, ಅದೇ ಅಳತೆ. ನನಗೆ ಅಳುವೇ ಬಂತು.

ಪಿಸಿಆರ್ ಎಲ್ಲಿಂದ ಎಲ್ಲಿಯವರೆಗೆ ಪ್ರತಿ ಮಾಡಬೇಕು ಅಂತ ಗುರುತು ಹಾಕುವ ಚಿಕ್ಕ ಡಿಎನ್‌ಎ ತುಣುಕುಗಳೇ ಪ್ರೈಮರ್‌ಗಳು. ನನ್ನ ಪ್ರೈಮರ್‌ಗಳ ನಡುವೆ ಒಂದು ಇಂಟ್ರಾನ್ ಇತ್ತು, ಅಂದರೆ ಜೀನಿನಲ್ಲಿ ಇದ್ದು ಸಿದ್ಧವಾದ ಆರ್‌ಎನ್‌ಎಯಲ್ಲಿ ಕತ್ತರಿಸಿ ಹೋಗಿರುವ ತುಂಡು. ಆರ್‌ಎನ್‌ಎ ಜೊತೆ ಡಿಎನ್‌ಎ ಸೇರಿಕೊಂಡಿದ್ದರೆ ಬ್ಯಾಂಡು ದೊಡ್ಡದಾಗಿ ಬರುತ್ತೆ, ಸುಲಭವಾಗಿ ಗೊತ್ತಾಗುತ್ತೆ ಅಂತ ಧೈರ್ಯವಾಗಿದ್ದೆ. ಬೇರೆ ಜೀನ್ ಆಗಿದ್ದರೆ ಆ ಲೆಕ್ಕ ಸರಿಯೇ. ಆದರೆ ನ್ಯಾನಾಗ್‌ಗೆ 11 ಹುಸಿಜೀನ್‌ಗಳಿವೆ, ಅಂದರೆ ಅಸಲಿ ಜೀನಿನ ಹಾಗೇ ಕಾಣುವ ನಕಲುಗಳು. ಹೆಚ್ಚಿನವು ಎಷ್ಟೋ ಕಾಲದ ಹಿಂದೆ ಅದರ ಆರ್‌ಎನ್‌ಎ ಮತ್ತೆ ಡಿಎನ್‌ಎ ಆಗಿ ಎಲ್ಲೆಲ್ಲೋ ಹೋಗಿ ಕೂತವು. ಹಾಗಾಗಿ ಅವುಗಳಲ್ಲಿ ಇಂಟ್ರಾನ್ ಇಲ್ಲ. ನಾನು ಟ್ಯೂಬಿನಲ್ಲಿ ಮಾಡಿದ್ದನ್ನೇ ನಮ್ಮ ಜೀನೋಮು ಮೊದಲೇ ಮಾಡಿಟ್ಟಿತ್ತು! ಅದರಲ್ಲೂ 15ನೇ ಕ್ರೋಮೋಸೋಮಿನ ಪಿ8 ಅನ್ನುವುದು ಅಸಲಿಗೂ ಇದಕ್ಕೂ ವ್ಯತ್ಯಾಸ ಹುಡುಕುವುದೇ ಕಷ್ಟ ಅನ್ನುವಷ್ಟು ಒಂದೇ ಥರ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಅದು ಪ್ರೋಟೀನನ್ನೂ ಮಾಡುತ್ತದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ, "ಪಹಣಿ ಅಂತ ಹಿಡ್ಕೊಂಡಿದ್ದೆ, ಬರೀ ಜೆರಾಕ್ಸ್ ಕಣಮ್ಮ." ಅಮ್ಮ, "ಹಂಗಾದ್ರೆ ಸೀಲ್ ನೋಡ್ಬೇಕಿತ್ತು" ಅಂದರು. ಸರಿಯಾಗೇ ಹೇಳಿದರು.

ಆಮೇಲೆ ಆರ್‌ಎನ್‌ಎಗೆ ಡಿಎನ್‌ಏಸ್ ಹಾಕಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಬೆರೆತಿದ್ದ ಡಿಎನ್‌ಎಯನ್ನು ಚೂರು ಮಾಡಿದೆ. ಆರ್‌ಟಿ ಇಲ್ಲದ ಟ್ಯೂಬು ಖಾಲಿಯಾಯಿತು. ಆರ್‌ಟಿ ಇದ್ದದ್ದರಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವ ಒಂದು ಗೆರೆ. ಅದು ಅಸಲಿಯೋ ಪಿ8ಓ ಅಂತ ತಿಳಿಯಲು ಅಕ್ಷರ ಅಕ್ಷರ ಓದಿಸಬೇಕು. ಸ್ಯಾಂಪಲ್ಲನ್ನು ಸೀಕ್ವೆನ್ಸಿಂಗ್‌ಗೆ ಬೆಂಗಳೂರಿಗೆ ಕಳಿಸಿದ್ದೇನೆ. ಥೀಸಿಸ್‌ನಲ್ಲಿ ಎರಡು ಪುಟ ಬರೆದಿದ್ದ ನ್ಯಾನಾಗ್ ಭಾಗ ಸದ್ಯಕ್ಕೆ ನಾಲ್ಕು ಸಾಲಿಗೆ ಇಳಿದಿದೆ.