ಮಗಳ ಜೊತೆ ವಿದೇಶದ ಕಾನ್ಸರ್ಟ್‌ಗೆ: ಐದು ದಿನದ ಲೆಕ್ಕಾಚಾರ

ಕಾನ್ಸರ್ಟ್‌ಗೆಂದು ವಿದೇಶಕ್ಕೆ ಹೊರಡುವಾಗ ನಾನು ಯೋಜನೆಯನ್ನು ಕೊನೆಯಿಂದ ಶುರು ಮಾಡುತ್ತೇನೆ. ರಾತ್ರಿ 11ಕ್ಕೆ ಹತ್ತಾರು ಸಾವಿರ ಜನ ಒಟ್ಟಿಗೆ ಸ್ಟೇಡಿಯಂನಿಂದ ಹೊರಬಿದ್ದಾಗ, ಕೂಗಿ ಕೂಗಿ ಗಂಟಲು ಕಟ್ಟಿ, ಕಾಲು ಸೋತ 14 ವರ್ಷದ ಹುಡುಗಿಯನ್ನು ಕರೆದುಕೊಂಡು ರೂಮು ಸೇರುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದರೆ ಹೋಟೆಲ್ ಎಲ್ಲಿ, ಟಿಕೆಟ್ ಯಾವ ಬಗೆಯದು, ಮರುದಿನ ಏನು ಎಂಬುದೆಲ್ಲ ಸಲೀಸಾಗಿ ಇತ್ಯರ್ಥವಾಗುತ್ತದೆ.

ಮೊದಲು ಸ್ಟೇಡಿಯಂ ನಿಜವಾಗಿ ಎಲ್ಲಿದೆ ಎಂದು ಮ್ಯಾಪ್‌ನಲ್ಲಿ ನೋಡಿ. ಪೋಸ್ಟರ್‌ನಲ್ಲಿ ಪ್ಯಾರಿಸ್ ಎಂದಿದ್ದರೂ ಸ್ಟಾಡ್ ದ ಫ್ರಾನ್ಸ್ ಇರುವುದು ಪಕ್ಕದ ಸೇಂಟ್ ಡೆನಿಯಲ್ಲಿ. ನ್ಯೂಯಾರ್ಕ್ ಎಂದು ಹೇಳುವ ಮೆಟ್‌ಲೈಫ್ ಸ್ಟೇಡಿಯಂ ಇರುವುದು ನದಿಯಾಚೆ, ಬೇರೆಯೇ ರಾಜ್ಯವಾದ ನ್ಯೂಜೆರ್ಸಿಯಲ್ಲಿ. ಆಮೇಲೆ ಅಲ್ಲಿಂದ ಹೊರಡುವ ಕೊನೆಯ ರೈಲಿನ ಸಮಯವನ್ನು ವಾರದ ಅದೇ ದಿನಕ್ಕೆ ಹುಡುಕಬೇಕು. ಲಂಡನ್ನಿನ ವೆಂಬ್ಲಿಗೆ ಹೋಗುವ ಜುಬಿಲಿ ಲೈನ್ ಶುಕ್ರವಾರ, ಶನಿವಾರ ಮಾತ್ರ ರಾತ್ರಿಯಿಡೀ ಓಡುತ್ತದೆ. ಗುರುವಾರದ ಕಾನ್ಸರ್ಟ್‌ಗೆ ಆ ಅನುಕೂಲ ಇಲ್ಲ. ಸುಮಾರು 90,000 ಜನ ಹಿಡಿಸುವ ಜಾಗ ಅದು. ಸ್ಟೇಷನ್ನಿನ ಹೊರಗೆ ಪೊಲೀಸರೋ ಸಿಬ್ಬಂದಿಯೋ ಜನರನ್ನು ತಂಡ ತಂಡವಾಗಿ ತಡೆದು ಬಿಡುತ್ತಾರೆ. ನಾನು ಈ ಕಾಯುವಿಕೆಗೆಂದೇ ಒಂದು ಗಂಟೆ ಎತ್ತಿಡುತ್ತೇನೆ. ಟ್ಯಾಕ್ಸಿಯನ್ನು ನಂಬಿ ಕೂರಬೇಡಿ: ಬೇಡಿಕೆ ಏರಿದಾಗ ಆ್ಯಪ್‌ನಲ್ಲಿ ದರವೂ ಏರುತ್ತದೆ, ಮುಚ್ಚಿದ ರಸ್ತೆಗಳಿಂದಾಗಿ ಗಾಡಿ ನಿಮ್ಮ ಹತ್ತಿರಕ್ಕೂ ಬರುವುದಿಲ್ಲ.

ಆದ್ದರಿಂದ ಹೋಟೆಲ್ ಆರಿಸುವ ನಿಯಮ ಒಂದೇ. ಸ್ಟೇಡಿಯಂನಿಂದ ರೈಲು ಬದಲಿಸದೆ ತಲುಪಬಹುದಾದ ಸ್ಟೇಷನ್, ಅಲ್ಲಿಂದ ದೀಪವಿರುವ ದಾರಿಯಲ್ಲಿ ಹತ್ತು ನಿಮಿಷದೊಳಗಿನ ನಡಿಗೆ. ಸ್ಟೇಡಿಯಂ ಪಕ್ಕದ ಹೋಟೆಲ್ ಆಕರ್ಷಕವಾಗಿ ಕಾಣುತ್ತದೆ, ಆದರೆ ಉಳಿದ ಮೂರು ದಿನ ಊರು ನೋಡಲು ದಿನವೂ ಅಲ್ಲಿಂದ ಓಡಾಡಬೇಕಾಗುತ್ತದೆ.

ಬುಕಿಂಗ್‌ನ ಸರದಿಯಲ್ಲಿ ಬಹಳ ಜನ ಎಡವುತ್ತಾರೆ. ಕಾನ್ಸರ್ಟ್ ದಿನಾಂಕ ಪ್ರಕಟವಾದ ಕೂಡಲೇ ಆ ರಾತ್ರಿಗಳ ರೂಮಿನ ಬೆಲೆ ಜಿಗಿಯುತ್ತದೆ. ಟಿಕೆಟ್ ಮಾರಾಟ ಶುರುವಾಗುವ ಮುಂಚೆಯೇ, ದಂಡವಿಲ್ಲದೆ ರದ್ದು ಮಾಡಬಹುದಾದ ರೂಮು ಹಿಡಿದಿಡಿ. ಟಿಕೆಟ್ ಸಿಗದಿದ್ದರೆ ಬಿಟ್ಟರಾಯಿತು. ರದ್ದು ಮಾಡುವ ಕೊನೆಯ ದಿನವನ್ನು ಮಾತ್ರ ಕ್ಯಾಲೆಂಡರ್‌ನಲ್ಲಿ ಅಲಾರಂ ಸಹಿತ ಬರೆದಿಡಿ. ಎರಡನೆಯದು ಕಾನ್ಸರ್ಟ್ ಟಿಕೆಟ್, ಮೂರನೆಯದು ವೀಸಾ, ವಿಮಾನ ಕೊನೆಗೆ. ವಿಮಾನದಲ್ಲಿ 12 ತುಂಬಿದವರಿಗೆ ಪೂರ್ತಿ ದರವೇ, ಮಕ್ಕಳ ರಿಯಾಯಿತಿ ಲೆಕ್ಕ ಹಾಕಿ ಬಜೆಟ್ ಮಾಡಬೇಡಿ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು ಪ್ರಯಾಣಕ್ಕೆ 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. 12 ತುಂಬಿದ ಮಕ್ಕಳು ಬೆರಳಚ್ಚು ಕೊಡಬೇಕು, ಅಂದರೆ ಅಪಾಯಿಂಟ್‌ಮೆಂಟ್ ದಿನ ಶಾಲೆಗೆ ರಜೆ ಹಾಕಿಸಬೇಕು. ಮಕ್ಕಳ ಪಾಸ್‌ಪೋರ್ಟ್ ಅವಧಿ ಹಲವು ದೇಶಗಳಲ್ಲಿ 5 ವರ್ಷ ಮಾತ್ರ. ದೊಡ್ಡವರದು ಸರಿಯಿದೆ ಎಂದು ಮಕ್ಕಳದನ್ನು ನೋಡದೆ ಬಿಡುವುದು ಮಾಮೂಲಿ ತಪ್ಪು. ಕೈಯಲ್ಲಿ 6 ತಿಂಗಳ ಅವಧಿ ಉಳಿದಿರಲಿ. ತಂದೆ ತಾಯಿಯರಲ್ಲಿ ಒಬ್ಬರೇ ಜೊತೆಗೆ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಮೂಲಪ್ರತಿಯನ್ನೇ ಒಯ್ಯಿರಿ.

ಟಿಕೆಟ್ ಕೊಳ್ಳುವ ಮುನ್ನ ವಯಸ್ಸಿನ ನಿಯಮ ಓದಲೇಬೇಕು. ಬ್ರಿಟನ್ನಿನ ಹಲವು ಅರೀನಾಗಳಲ್ಲಿ 14ಕ್ಕಿಂತ ಕಿರಿಯರನ್ನು ನಿಂತು ನೋಡುವ ಜಾಗಕ್ಕೆ ಬಿಡುವುದಿಲ್ಲ, 16ಕ್ಕಿಂತ ಕಿರಿಯರ ಜೊತೆ ದೊಡ್ಡವರು ಇರಬೇಕು. ವೇದಿಕೆಯ ಮುಂದೆಯೇ ನಿಲ್ಲಬೇಕೆಂದು ಮಗಳು ಹಟ ಹಿಡಿಯಬಹುದು. ಅಲ್ಲಿ ನಿಲ್ಲಲು ಮಧ್ಯಾಹ್ನದಿಂದಲೇ ಸಾಲಿನಲ್ಲಿರಬೇಕು, ಒಳಹೊಕ್ಕ ಮೇಲೆ ಬಾತ್‌ರೂಮಿಗೆ ಹೋದರೆ ಜಾಗ ಹೋಯಿತು, ಎತ್ತರ ಕಡಿಮೆಯಿದ್ದರೆ ಮುಂದಿನವರ ಬೆನ್ನೇ ದರ್ಶನ. ನನ್ನ ಆಯ್ಕೆ ಕೆಳ ಹಂತದ ಸೀಟು, ವೇದಿಕೆಗೆ ಓರೆಯಾಗಿ, ಸಾಲಿನ ತುದಿಯಲ್ಲಿ. ವೇದಿಕೆಯ ಹಿಂಬದಿಗೆ ಹೊಂದಿಕೊಂಡ ಸೀಟು ಅಗ್ಗ, ಆದರೆ ಪರದೆ ಕಾಣದು.

ಈಗ ಬಹಳ ಕಡೆ ಟಿಕೆಟ್ಟಿನ ಬಾರ್‌ಕೋಡ್ ಫೋನಿನಲ್ಲಿ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹೋಟೆಲ್ ವೈಫೈ ಇರುವಾಗಲೇ ಎರಡೂ ಟಿಕೆಟ್ಟನ್ನು ಫೋನಿನ ವಾಲೆಟ್‌ಗೆ ಹಾಕಿಕೊಳ್ಳಿ. ಗೇಟಿನ ಬಳಿ ನೆಟ್‌ವರ್ಕ್ ಕೈಕೊಡುತ್ತದೆ. ಅಲ್ಲಿಯ ಡೇಟಾಕ್ಕೆ ಇಸಿಮ್ (ಫೋನಿನೊಳಗೇ ಇಳಿಸಿಕೊಳ್ಳುವ ಡಿಜಿಟಲ್ ಸಿಮ್) ಹಾಕಿದರೂ ಊರಿನ ಸಿಮ್ಮನ್ನು ಒಟಿಪಿಗಾಗಿ ರೋಮಿಂಗ್‌ನಲ್ಲಿ ಇಟ್ಟಿರಬೇಕು. ಟಿಕೆಟ್ ಆ್ಯಪ್ ತಟ್ಟನೆ ಲಾಗ್‌ಔಟ್ ಆಗುವುದು ಗೇಟಿನ ಮುಂದೆಯೇ.

ದಿನಗಳನ್ನು ನಾನು ಹಂಚುವುದು ಹೀಗೆ. ಮೊದಲ ದಿನ ಇಳಿಯುವುದು, ಎರಡನೆಯ ದಿನ ಊರು, ಮೂರನೆಯ ದಿನ ಕಾನ್ಸರ್ಟ್, ನಾಲ್ಕನೆಯ ದಿನ ಖಾಲಿ, ಐದನೆಯ ದಿನ ವಾಪಸು. ನಡುವೆ ಒಂದು ಇಡೀ ದಿನ ಇದ್ದರೆ ವಿಮಾನ ರದ್ದಾಗಿ ಮರುದಿನ ಹೊರಟರೂ ಕಾನ್ಸರ್ಟ್ ತಪ್ಪುವುದಿಲ್ಲ. ಗಡಿಯಾರದ ಲೆಕ್ಕವನ್ನೂ ಹಾಕಿ. ಗಡಿಯಾರ 5 ಗಂಟೆ ಹಿಂದಿರುವ ಪಶ್ಚಿಮದ ಊರಿಗೆ ಹೋದರೆ ಅಲ್ಲಿಯ ರಾತ್ರಿ 9 ಎಂದರೆ ದೇಹಕ್ಕೆ ನಸುಕಿನ 2. ಹಾಗಾಗಿ ಕಾನ್ಸರ್ಟ್ ದಿನ ಮಧ್ಯಾಹ್ನ 1ರಿಂದ 3ರವರೆಗೆ ರೂಮಿನಲ್ಲಿ ಪರದೆ ಎಳೆದು ಮಲಗುವುದು ಕಡ್ಡಾಯ. ಅದಕ್ಕೆ ಎಂಥ ಮ್ಯೂಸಿಯಮ್ಮನ್ನೂ ಬಲಿ ಕೊಡಬಹುದು. ನಾಲ್ಕನೆಯ ದಿನ 11 ಗಂಟೆಯೊಳಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಎರಡನೆಯ ದಿನದ ಪೂರ್ತಿ ಯೋಜನೆ ಮಗಳದೇ, ಎರಡು ಜಾಗ ಮತ್ತು ಅವುಗಳ ನಡುವಿನ ರೈಲು ಸಹಿತ. ತಾನೇ ಹುಡುಕಿದ ದಾರಿಯಲ್ಲಿ ಕಾಲು ನೋವು ಎಂಬ ದೂರು ಅರ್ಧ ಕಡಿಮೆ.

ಬ್ಯಾಗಿನ ವಿಷಯ. ಯುರೋಪಿನ ಅನೇಕ ಕಡೆ ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಅಮೆರಿಕದ ಹಲವು ದೊಡ್ಡ ಸ್ಟೇಡಿಯಂಗಳಲ್ಲಿ 12×6×12 ಇಂಚಿನೊಳಗಿನ ಪಾರದರ್ಶಕ ಬ್ಯಾಗ್ ಮಾತ್ರ. ಪವರ್‌ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಮಿತಿ 100 ವ್ಯಾಟ್ ಅವರ್, ಅಂದರೆ ಸುಮಾರು 27,000 ಎಂಎಎಚ್. ಕಾನ್ಸರ್ಟ್‌ಗೆ 10,000ದ್ದು ಸಾಕು. ದೊಡ್ಡದನ್ನು ಗೇಟಿನಲ್ಲಿ ಅನುಮಾನದಿಂದ ನೋಡುತ್ತಾರೆ.

ಕಿವಿಯ ಬಗ್ಗೆ ಹೇಳದೆ ಬಿಡಲಾರೆ. 85 ಡೆಸಿಬಲ್ ಸದ್ದಿಗೆ 8 ಗಂಟೆ ಇರಬಹುದು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಷ್‌ನ ಶಿಫಾರಸು. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕಿಳಿಯುತ್ತದೆ: 100 ಡೆಸಿಬಲ್‌ಗೆ 15 ನಿಮಿಷ. ಕಾನ್ಸರ್ಟ್ ಎರಡೂವರೆ ಗಂಟೆ. ಸ್ಪಂಜಿನ ಇಯರ್‌ಪ್ಲಗ್ ಹಾಡನ್ನು ಮಂಕು ಮಾಡುತ್ತದೆ, ಮಕ್ಕಳು ಕಿತ್ತೆಸೆಯುತ್ತಾರೆ. ಸಂಗೀತಗಾರರಿಗೆಂದು ಮಾಡಿದ ಫಿಲ್ಟರ್ ಇರುವ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಮನೆಯಲ್ಲೇ ಒಂದು ವಾರ ಹಾಕಿಸಿ ರೂಢಿ ಮಾಡಿಸಿ.

ನೆನಪಿನ ಸಾಮಾನು ಮಾರುವ ಅಂಗಡಿಗೆ ಇಂತಿಷ್ಟು ದುಡ್ಡು ಎಂದು ಮೊದಲೇ ಪ್ರತ್ಯೇಕ ಕಾರ್ಡಿಗೆ ಹಾಕಿಕೊಡಿ. ಟೀಶರ್ಟ್ ಅಳತೆ ಬೇಗ ಮುಗಿಯುವುದರಿಂದ ಬಾಗಿಲು ತೆರೆದ ಕೂಡಲೇ ಹೋಗಿ. ಕಾರ್ಡ್ ಮಶಿನ್ ನಿಮ್ಮ ಊರಿನ ಹಣದಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡ ಎನ್ನಿ, ಆ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಒಳಗೆ ಹೋಗುವ ಮುನ್ನ, ಒಬ್ಬರಿಗೊಬ್ಬರು ತಪ್ಪಿಹೋದರೆ ಭೇಟಿಯಾಗುವ ಜಾಗ ಗೊತ್ತುಮಾಡಿ. 'ಗೇಟಿನ ಹತ್ತಿರ' ಎಂದರೆ ಸಾಲದು, ಬ್ಲಾಕಿನ ನಂಬರು ಹೇಳಬೇಕು. ಹೊರಗೂ ಇನ್ನೊಂದು ಜಾಗ. ಹೋಟೆಲ್ ಹೆಸರು, ವಿಳಾಸ, ನಿಮ್ಮ ನಂಬರು ಬರೆದ ಚೀಟಿ ಅವಳ ಜೇಬಿನಲ್ಲಿರಲಿ. ಡೇಟಾ ಸತ್ತಾಗಲೂ ಎಸ್‌ಎಂಎಸ್ ದಾಟಿಕೊಳ್ಳುವುದುಂಟು.

ಕಾನ್ಸರ್ಟೇ ರದ್ದಾದರೆ? 2024ರ ಆಗಸ್ಟ್ 8ರಿಂದ 10ರವರೆಗೆ ವಿಯೆನ್ನಾದಲ್ಲಿ ನಡೆಯಬೇಕಿದ್ದ ಟೇಲರ್ ಸ್ವಿಫ್ಟ್ ಅವರ ಮೂರೂ ಕಾರ್ಯಕ್ರಮಗಳು ದಾಳಿಯ ಸಂಚು ಬಯಲಾಗಿ ಹಿಂದಿನ ದಿನ ರದ್ದಾದವು. ಇಂಥ ಹೊತ್ತಿನಲ್ಲಿ ಟಿಕೆಟ್ ದುಡ್ಡು ಮರಳಬಹುದು, ವಿಮಾನ ಮತ್ತು ಹೋಟೆಲ್ಲಿನದು ನಿಮ್ಮ ತಲೆಗೇ. ಪ್ರವಾಸ ವಿಮೆಯಲ್ಲಿ ಕಾರ್ಯಕ್ರಮ ರದ್ದತಿ ಸೇರಿದೆಯೇ ಎಂದು ಕರಾರನ್ನೇ ಓದಿ, ಬಹುತೇಕ ಸೇರಿರುವುದಿಲ್ಲ. ಆ ಕಾರಣಕ್ಕೇ ಕಾನ್ಸರ್ಟ್ ಇಲ್ಲದಿದ್ದರೂ ನಾಲ್ಕು ದಿನ ಕಳೆಯಲು ಮಗಳು ಒಪ್ಪುವ ಊರಿನ ದಿನಾಂಕವನ್ನೇ ನಾನು ಆರಿಸುವುದು. ಗಾಯಕರ ಒಂದೇ ಕಾನ್ಸರ್ಟ್ ಸರಣಿ ಮೂರು ಊರಿಗೆ ಬರುತ್ತಿದ್ದರೆ ಆಯ್ಕೆ ಮಾಡುವುದು ಇದರ ಮೇಲೆ, ಟಿಕೆಟ್ ದರದ ಮೇಲಲ್ಲ.